ಬಲಬದಿಯ ಸೀಟಿನ ಬೆಲೆ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಬರೆದಿಟ್ಟುಹೋದ ಷರತ್ತುಪತ್ರವನ್ನು ಕಾಲೇಜಿನ ಪ್ರಾಂಶುಪಾಲರು ನನಗೆ ಮೊದಲೇ ಕಳಿಸಿದ್ದರು. ಒಂದೇ ಹಾಳೆ. ಉಪನ್ಯಾಸ ವಾಣಿಜ್ಯಕ್ಕೆ ಸಂಬಂಧಪಟ್ಟಿರಬೇಕು, ಆದರೆ ಪರೀಕ್ಷೆಗೆ ಬರುವಂಥದ್ದಾಗಿರಬಾರದು. ಒಂದು ಗಂಟೆ ಮೀರಬಾರದು. ಮುಗಿದ ಮೇಲೆ ಎಲ್ಲರಿಗೂ ಕಾಫಿ ಕೊಡಬೇಕು. ಮೂರನೆಯದು ನನ್ನ ಕೈಯಲ್ಲಿಲ್ಲ, ಮೊದಲೆರಡನ್ನು ಪಾಲಿಸುತ್ತೇನೆ. ವಿಷಯ ಅಮೆರಿಕದ ಸಣ್ಣ ವಿಮಾನ ಕಂಪನಿಗಳು ಎಂದು ಫೋನಿನಲ್ಲಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮೌನವಿತ್ತು. ಆದ್ದರಿಂದ ನಾನು ಅಲ್ಲಿಗೆ ಹೇಗೆ ಹೋದೆ ಎಂಬುದನ್ನು ಮೊದಲು ಹೇಳಬೇಕು.

2007ರಲ್ಲಿ ನಾನು ಪುತ್ತೂರು ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಒಂದು ದಿನ ಮಗನನ್ನು ಕರೆದುಕೊಂಡು ಬಂದು ಎದುರು ಕೂತರು. "ಮಗನಿಗೆ ಕೆಲಸ ಸಿಕ್ಕಿತು ಮಾರಾಯ್ರೆ. ಹಾಗಾಗಿ ಒಂದು ಲೋನು ಬೇಕಿತ್ತು" ಎಂದರು.

ಕೆಲಸ ಸಿಕ್ಕಿದವರು ಬ್ಯಾಂಕಿಗೆ ಸ್ವೀಟ್ ಬಾಕ್ಸ್ ತರುತ್ತಾರೆ. ಸಾಲ ಕೇಳುವುದು ಓದುವಾಗ; ಇಲ್ಲವೇ ಕೆಲಸ ಸಿಕ್ಕಿ ಎರಡು ವರ್ಷವಾದ ಮೇಲೆ, ಮನೆ ಕಟ್ಟುವಾಗ, ಮದುವೆಗೆ. ಕೆಲಸ ಸಿಕ್ಕಿದ್ದಕ್ಕೇ ಸಾಲ ಎಂಬುದು ಅಷ್ಟು ವರ್ಷಗಳ ಸರ್ವಿಸಿನಲ್ಲಿ ನನಗೆ ಹೊಸತು. ವಿಚಾರಿಸಿದೆ. ಹುಡುಗ ಆಗಲೇ ಪೈಲಟ್ ಲೈಸೆನ್ಸ್ ಪಡೆದಿದ್ದ. ಅದರ ಖರ್ಚಿಗೆ ಮಾಡಿದ ಶಿಕ್ಷಣ ಸಾಲ ನಮ್ಮ ಶಾಖೆಯಲ್ಲೇ ಇತ್ತು. ಏಳೂವರೆ ಲಕ್ಷ ದಾಟಿದ್ದರಿಂದ ನಿಯಮದಂತೆ ತೋಟದ ಪತ್ರ ಅಡವಾಗಿ ನಮ್ಮ ಸೇಫಿನಲ್ಲಿತ್ತು. ಈಗ ಒಂದು ವಿಮಾನ ಕಂಪನಿ ಅವನನ್ನು ಆರಿಸಿದೆ. ಆದರೆ ಸೇರುವ ಮೊದಲು ಆ ಕಂಪನಿ ಹಾರಿಸುವ ಮಾದರಿಯ ವಿಮಾನದಲ್ಲಿ 'ಟೈಪ್ ರೇಟಿಂಗ್' ಎಂಬ ತರಬೇತಿಯನ್ನು ಸ್ವಂತ ಖರ್ಚಿನಲ್ಲಿ ಮುಗಿಸಬೇಕು. ಇನ್ನೂ ಹದಿನೆಂಟು ಲಕ್ಷ. ಅಂದರೆ, ಯಜಮಾನ ಸಂಬಳ ಕೊಡುವ ಮೊದಲು ಆಳು ಯಜಮಾನನ ಗದ್ದೆ ಉಳುವುದನ್ನು ಕಲಿಯಲು ದುಡ್ಡು ಕಟ್ಟಬೇಕು.

ಸಾಲ ಕೊಟ್ಟೆವು. ಭದ್ರತೆ ಸಾಕಷ್ಟಿತ್ತು, ನಿಯಮ ತಡೆಯಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಒಂದು ಹುಳ ಕೂತಿತು. ಈ ಪದ್ಧತಿ ಎಲ್ಲಿ ಬೇರು ಬಿಟ್ಟಿತು ಎಂದು ಹುಡುಕುತ್ತ ಹೋದವನು ಅಮೆರಿಕದ 1990ರ ದಶಕಕ್ಕೆ ಹೋಗಿ ಮುಟ್ಟಿದೆ.

ಅಲ್ಲಿನ ಕಮ್ಯೂಟರ್ ಏರ್‌ಲೈನ್‌ಗಳನ್ನು ನಮ್ಮ ಜಿಲ್ಲೆಯ ಸರ್ವಿಸ್ ಬಸ್ಸಿಗೆ ಹೋಲಿಸಿದರೆ ನಿಮಗೆ ಬೇಗ ತಿಳಿಯುತ್ತದೆ. 1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ದರ, ಮಾರ್ಗಗಳ ನಿಯಂತ್ರಣವನ್ನು ತೆಗೆದುಹಾಕುವ ಕಾಯ್ದೆ ಮಾಡಿತು. ದೊಡ್ಡ ಕಂಪನಿಗಳು ಕೆಲವೇ ದೊಡ್ಡ ನಿಲ್ದಾಣಗಳನ್ನು ನಡುಬಿಂದು ಮಾಡಿಕೊಂಡು ಅಲ್ಲಿಂದ ದೂರದೂರಿಗೆ ಹಾರತೊಡಗಿದವು. ಸಣ್ಣ ಊರುಗಳ ಜನರನ್ನು ಆ ನಡುಬಿಂದುವಿಗೆ ತಂದು ಸುರಿಯುವ ಕೆಲಸ ಸಣ್ಣ ಕಂಪನಿಗಳ ಪಾಲಿಗೆ ಬಂತು. ವಿಮಾನದ ಮೈಮೇಲೆ ದೊಡ್ಡ ಕಂಪನಿಯ ಬಣ್ಣ, ಟಿಕೆಟ್ಟಿನ ಮೇಲೆ ದೊಡ್ಡ ಕಂಪನಿಯ ಹೆಸರು. ಒಳಗಿನ ಸಿಬ್ಬಂದಿ, ಸಂಬಳ, ತರಬೇತಿ ಎಲ್ಲ ಇನ್ನೊಬ್ಬರದು. ಬೀಚ್ 1900, ಜೆಟ್‌ಸ್ಟ್ರೀಮ್, ಮೆಟ್ರೋ ಎಂಬ ಹತ್ತೊಂಬತ್ತು ಸೀಟಿನ ಪ್ರೊಪೆಲರ್ ವಿಮಾನಗಳು ಈ ವ್ಯವಹಾರದ ಎತ್ತುಗಳು. ಹತ್ತೊಂಬತ್ತೇ ಏಕೆಂದರೆ, ಇಪ್ಪತ್ತಾದರೆ ನಿಯಮದ ಪ್ರಕಾರ ಗಗನಸಖಿಯನ್ನು ಇಡಬೇಕು. ಹಾಗಾಗಿ ಬಲಬದಿಯ ಸೀಟಿನ ಕೋ-ಪೈಲಟ್ಟೇ ಬಾಗಿಲು ಮುಚ್ಚಬೇಕು, ಸೀಟ್‌ಬೆಲ್ಟಿನ ಪಾಠ ಹೇಳಬೇಕು, ಎಷ್ಟೋ ಕಡೆ ಬ್ಯಾಗನ್ನೂ ಎತ್ತಿಡಬೇಕು. ಬಸ್ಸಿನ ಕ್ಲೀನರ್ ಮಾಡುವ ಅಷ್ಟೂ ಕೆಲಸ ಮುಗಿಸಿ ಒಳಗೆ ಬಂದು ವಿಮಾನ ಹಾರಿಸಲು ಕೈಜೋಡಿಸಬೇಕು.

ಸಂಬಳ? 1990ರ ದಶಕದಲ್ಲಿ ಹೊಸ ಕೋ-ಪೈಲಟ್‌ಗೆ ವರ್ಷಕ್ಕೆ ಹದಿನೈದು ಸಾವಿರ ಡಾಲರಿನ ಆಸುಪಾಸು. ಆ ದೇಶದಲ್ಲಿ ಅದು ಹೋಟೆಲ್ ಮಾಣಿಯ ಲೆಕ್ಕ. ಆದರೂ ಜನ ಮುಗಿಬೀಳುತ್ತಿದ್ದರು. ಪೈಲಟ್ಟಿನ ನಿಜವಾದ ಆಸ್ತಿ ಅವನ ಲಾಗ್‌ಬುಕ್. ಅದರಲ್ಲಿ ಬರೆದ ಗಂಟೆಗಳು. ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಕಳೆದ ಗಂಟೆಗೆ ಬೆಲೆ ಕಡಿಮೆ, ಟರ್ಬೈನ್ ಎಂಜಿನ್ನಿನ ವಿಮಾನದಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಿದ ಗಂಟೆಗೆ ಹೆಚ್ಚು. ಆ ಗಂಟೆಗಳಿದ್ದರೆ ಮುಂದೆ ದೊಡ್ಡ ಕಂಪನಿಯ ಬಾಗಿಲು ತೆರೆಯುತ್ತದೆ. ಕಮ್ಯೂಟರಿನ ಬಲಬದಿಯ ಸೀಟು ಸಂಬಳಕ್ಕಾಗಿ ಕೂರುವ ಜಾಗವೇ ಆಗಿರಲಿಲ್ಲ, ಗಂಟೆ ಗಳಿಸುವ ಜಾಗ.

ಇದು ಕಂಪನಿಗಳಿಗೂ ಗೊತ್ತಿತ್ತು. ಅಷ್ಟರಲ್ಲಿ 1991 ಬಂತು. ಕೊಲ್ಲಿ ಯುದ್ಧ, ತೈಲದ ಬೆಲೆ, ಖಾಲಿ ವಿಮಾನಗಳು. ಜನವರಿಯಲ್ಲಿ ಈಸ್ಟರ್ನ್ ಮುಚ್ಚಿತು, ನವೆಂಬರಿನಲ್ಲಿ ಮಿಡ್‌ವೇ, ಡಿಸೆಂಬರಿನಲ್ಲಿ ಪ್ಯಾನ್ ಆ್ಯಮ್. ಸಾವಿರಾರು ಗಂಟೆ ಹಾರಿದವರು ರಸ್ತೆಗೆ ಬಿದ್ದರು. ಒಂದು ಸೀಟಿಗೆ ನೂರು ಅರ್ಜಿ. ಆಗ ಕೆಲವು ಕಮ್ಯೂಟರ್ ಕಂಪನಿಗಳು ಒಂದು ಹೊಸ ಸಾಲನ್ನು ತಮ್ಮ ಪತ್ರಕ್ಕೆ ಸೇರಿಸಿದವು: ತಾವು ಆಯ್ಕೆಯಾಗಿದ್ದೀರಿ, ಅಭಿನಂದನೆ, ತರಬೇತಿಯ ವೆಚ್ಚ ತಮ್ಮದು. ಮೊತ್ತ ಸುಮಾರು ಹತ್ತು ಸಾವಿರ ಡಾಲರ್. ಕೆಲವು ಕಡೆ ಕಂಪನಿಯೇ ತೆಗೆದುಕೊಳ್ಳುತ್ತಿತ್ತು, ಕೆಲವು ಕಡೆ ಅದು ತೋರಿಸಿದ ತರಬೇತಿ ಸಂಸ್ಥೆಗೆ ಕಟ್ಟಬೇಕಿತ್ತು. ಕೊಡುವವನಿಗೆ ಅದು ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು. ಹೀಗೆ ಕೊಟ್ಟು ಸೇರಿದವರಿಗೆ ಉಳಿದ ಪೈಲಟ್‌ಗಳು 'ಪಿಎಫ್‌ಟಿ' ಎಂದು ಹೆಸರಿಟ್ಟರು; 'ಪೇ ಫಾರ್ ಟ್ರೇನಿಂಗ್' ಎಂಬುದರ ಹ್ರಸ್ವರೂಪ, ಅಂದರೆ ಪಾವತಿಸಿ ತರಬೇತಿ ಪಡೆದವನು. ಬೈಗುಳದಂತೆ ಅದು ವರ್ಷಗಟ್ಟಲೆ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ತೆಗೆದುಕೊಂಡವರಿಗೆ ಯಾವ ಅಡ್ಡಹೆಸರೂ ಬೀಳಲಿಲ್ಲ ಎಂಬುದನ್ನು ಗಮನಿಸಿ.

ಕಂಪನಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬ್ಯಾಂಕಿನಲ್ಲಿ ಕೂತವನಿಗೆ ಆ ವಾದ ಅರ್ಥವಾಗುತ್ತದೆ. ಅವರು ಹೇಳುತ್ತಿದ್ದುದು ಇಷ್ಟು: ನಾವು ಹುಡುಗರನ್ನು ಸೇರಿಸಿ, ಸಿಮ್ಯುಲೇಟರಿನಲ್ಲಿ ಕೂರಿಸಿ, ಹೋಟೆಲಿನಲ್ಲಿಟ್ಟು, ಸಾವಿರಾರು ಡಾಲರ್ ಖರ್ಚು ಮಾಡಿ ತಯಾರು ಮಾಡುತ್ತೇವೆ. ಒಂದೂವರೆ ವರ್ಷಕ್ಕೆ ಅವರು ದೊಡ್ಡ ಕಂಪನಿಗೆ ಹಾರಿಹೋಗುತ್ತಾರೆ. ನಮ್ಮ ತೆನೆಯನ್ನು ಇನ್ನೊಬ್ಬರು ಕೊಯ್ಯುತ್ತಾರೆ. ಕಲಿಕೆಯ ಲಾಭ ಕಲಿತವನದಾದರೆ ಖರ್ಚೂ ಅವನದೇ ಆಗಲಿ. ಡಾಕ್ಟರು, ವಕೀಲರು ತಮ್ಮ ಓದಿಗೆ ತಾವೇ ಕೊಡುವುದಿಲ್ಲವೇ?

ಒಳ್ಳೆಯ ವಾದ. ಈಗ ಇದನ್ನು ಲೆಡ್ಜರಿಗೆ ಹಾಕೋಣ.

ಹುಡುಗರು ಬಿಟ್ಟುಹೋಗುತ್ತಾರೆ ಎಂಬುದು ಕಂಪನಿಯ ದೂರು. ತರಬೇತಿಯ ಖರ್ಚು ಕಂಪನಿಯದಾಗಿರುವಷ್ಟು ಕಾಲ ಒಬ್ಬ ಬಿಟ್ಟುಹೋದರೆ ಅದು ನಷ್ಟ. ಹಾಗಾಗಿ ಅವನನ್ನು ಉಳಿಸಿಕೊಳ್ಳಲು ಸಂಬಳ ಏರಿಸುವ, ರಜೆ ಕೊಡುವ, ಒಳ್ಳೆಯ ಮಾತಾಡುವ ಕಾರಣ ಕಂಪನಿಗಿರುತ್ತದೆ. ಖರ್ಚು ಹುಡುಗನದಾದ ಮರುಗಳಿಗೆ ಏನಾಗುತ್ತದೆ? ಅವನು ಬಿಟ್ಟುಹೋದರೆ ಕಂಪನಿಗೆ ಏನೂ ಹೋಗುವುದಿಲ್ಲ. ಮುಂದಿನವನು ಹತ್ತು ಸಾವಿರ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ತರಬೇತಿಗೆ ತಗಲುವುದಕ್ಕಿಂತ ಶುಲ್ಕ ನಾಲ್ಕು ಕಾಸು ಹೆಚ್ಚಿದ್ದರಂತೂ ಬಿಟ್ಟುಹೋದಷ್ಟೂ ಲಾಭ. ಯಾವ ರೋಗಕ್ಕೆಂದು ಮದ್ದು ತೆಗೆದುಕೊಂಡರೋ ಆ ರೋಗ ಹೆಚ್ಚಿದಷ್ಟೂ ಮದ್ದಿನಂಗಡಿಗೆ ವ್ಯಾಪಾರ. ಇನ್ನೊಂದು ಬದಿಯಿಂದ ನೋಡಿ: ಆ ಹುಡುಗ ಕಂಪನಿಗೆ ಕೊಟ್ಟದ್ದು ಶುಲ್ಕವೋ ಸಾಲವೋ? ಕೆಲಸ ಶುರುವಾಗುವ ಮೊದಲೇ ದುಡಿಯುವ ಬಂಡವಾಳ ಒದಗಿಸಿದ್ದಾನೆ. ಬಡ್ಡಿಯಿಲ್ಲ, ಭದ್ರತೆಯಿಲ್ಲ, ಪ್ರಾಮಿಸರಿ ನೋಟೂ ಇಲ್ಲ. ನನ್ನ ಶಾಖೆಯಲ್ಲಿ ಅಂಥ ಸಾಲ ಕೊಟ್ಟಿದ್ದರೆ ಮರುದಿನವೇ ನನಗೆ ಚಾರ್ಜ್‌ಶೀಟ್ ಬರುತ್ತಿತ್ತು.

ಇಲ್ಲಿ ನನ್ನ ಸ್ವಂತದ ಒಂದು ಸಂಗತಿ. 1975ರಲ್ಲಿ ಎಂ.ಕಾಂ. ಮುಗಿಸಿದ ನನಗೆ ಮೇಷ್ಟ್ರಾಗುವ ಹುಚ್ಚು. ಒಂದು ಖಾಸಗಿ ಕಾಲೇಜಿನಲ್ಲಿ ಸಂದರ್ಶನವಾಯಿತು. ಚೆನ್ನಾಗಿಯೇ ಆಯಿತು. ಹೊರಗೆ ಬಂದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು ಹೆಗಲ ಮೇಲೆ ಕೈಹಾಕಿ, ಕಟ್ಟಡ ನಿಧಿಗೆ ಹನ್ನೆರಡು ಸಾವಿರ ಕೊಡುವುದು ಇಲ್ಲಿಯ ಸಂಪ್ರದಾಯ ಎಂದರು. ಸಂಬಳ ತಿಂಗಳಿಗೆ ಏಳುನೂರು ಚಿಲ್ಲರೆ. ಅಪ್ಪನ ಹತ್ತಿರ ಅಷ್ಟು ಹಣವಿರಲಿಲ್ಲ. ಇದ್ದಿದ್ದರೆ ಕೊಡುತ್ತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನನ್ನದೇನೂ ದೊಡ್ಡ ಆದರ್ಶವಾಗಿರಲಿಲ್ಲ. ಆ ಜಾಗಕ್ಕೆ ಬಂದವರು ನನಗಿಂತ ಕಡಿಮೆ ಅಂಕದವರು ಎಂದು ಎಷ್ಟೋ ವರ್ಷ ಉರಿದುಕೊಂಡಿದ್ದೆ. ಆಮೇಲೆ ಯೋಚಿಸಿದಾಗ ಹೊಳೆದದ್ದು ಬೇರೆ. ಅವರು ಒಳ್ಳೆಯ ಮೇಷ್ಟ್ರೇ ಆಗಿದ್ದಿರಬಹುದು. ಆದರೆ ಒಂದು ವೇಳೆ ಆಗಿರದಿದ್ದರೆ, 'ನಿಮ್ಮಿಂದ ಆಗುವುದಿಲ್ಲ, ಮನೆಗೆ ಹೋಗಿ' ಎನ್ನಲು ಆ ಮಂಡಳಿಯಲ್ಲಿ ಯಾರಿಗೆ ಬಾಯಿ ಬರುತ್ತಿತ್ತು? ಹಾಗೆನ್ನಬೇಕಾದರೆ ಹನ್ನೆರಡು ಸಾವಿರ ವಾಪಸು ಕೊಡಬೇಕು. ಅದಾಗಲೇ ಕಲ್ಲು ಗಾರೆಯಾಗಿ ಗೋಡೆಯಲ್ಲಿ ಕೂತಿದೆ.

ಮರುವರ್ಷ ಬ್ಯಾಂಕ್ ಸೇರಿದೆ. ಮಂಗಳೂರಿನ ತರಬೇತಿ ಕಾಲೇಜಿನಲ್ಲಿ ಊಟ, ವಸತಿ, ಸ್ಟೈಪೆಂಡು ಎಲ್ಲ ಬ್ಯಾಂಕಿನದು. ಪ್ರತಿಯಾಗಿ ಒಂದು ಬಾಂಡ್ ಬರೆಸಿಕೊಂಡರು: ಮೂರು ವರ್ಷ ಬಿಟ್ಟುಹೋಗಕೂಡದು, ಹೋದರೆ ಐದು ಸಾವಿರ ಕಟ್ಟಬೇಕು. ಬಿಟ್ಟುಹೋಗುತ್ತಾರೆ ಎಂಬ ಅದೇ ಭಯಕ್ಕೆ ಇದು ಇನ್ನೊಂದು ಉತ್ತರ. ಎರಡರಲ್ಲೂ ಕಾಗದದ ಮೇಲೆ ಒಂದು ಮೊತ್ತವಿದೆ. ಹಣ ಮೊದಲು ಯಾರ ಕೈಯಿಂದ ಹೊರಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಬಾಂಡಿನಲ್ಲಿ ಮೊದಲ ಖರ್ಚು ಆರಿಸಿದವನದು. ತಪ್ಪು ಮನುಷ್ಯನನ್ನು ಆರಿಸಿದರೆ ಪೆಟ್ಟು ಅವನಿಗೇ. ಹಾಗಾಗಿ ಅವನು ಸರಿಯಾಗಿ ನೋಡಿ ಆರಿಸುತ್ತಾನೆ. ಆರಿಸಿದ ಮೇಲೂ ತಪ್ಪೆನಿಸಿದರೆ ಇನ್ನಷ್ಟು ಖರ್ಚಾಗುವ ಮೊದಲು ಬೇಗ ಕಳಿಸುತ್ತಾನೆ. ನಮ್ಮ ತಂಡದಲ್ಲಿ ಒಬ್ಬನನ್ನು ಹಾಗೆ ಕಳಿಸಿದರು. ಅವನು ಒಂದು ಪೈಸೆಯನ್ನೂ ಕಳೆದುಕೊಳ್ಳಲಿಲ್ಲ. ಊರಿಗೆ ಹೋಗಿ ಜವಳಿ ಅಂಗಡಿ ಇಟ್ಟು ನಮ್ಮೆಲ್ಲರಿಗಿಂತ ಅನುಕೂಲಸ್ಥನಾದ. ಇನ್ನು ನನ್ನ ಬಾಂಡು: ಮೂರು ವರ್ಷಕ್ಕೆ ಸಹಿ ಹಾಕಿದ ನಾನು ಮೂವತ್ತನಾಲ್ಕು ವರ್ಷ ಇದ್ದೆ. ಕೊನೆಗೆ ಬಿಟ್ಟುಹೋದದ್ದು ಬ್ಯಾಂಕೇ. ವಿಲೀನವಾಗಿ ಅದರ ಹೆಸರೇ ಇಲ್ಲ.

ಹಾಗಾಗಿ ಪೈಲಟ್ ತನ್ನ ಕಲಿಕೆಗೆ ತಾನು ಹಣ ಕೊಡಬಹುದೇ ಎಂದರೆ, ಕೊಡಲಿ. ಶಾಲೆಗೆ ಕೊಡಲಿ. ಶಾಲೆ ಫೇಲು ಮಾಡಿದರೆ ಶಾಲೆಯೇನೂ ಮುಳುಗುವುದಿಲ್ಲ, ಪರೀಕ್ಷೆ ಮಾಡುವವನೂ ಬೇರೆ. ಅಮೆರಿಕದ ಸೌತ್‌ವೆಸ್ಟ್ ಕಂಪನಿ ಬಹುಕಾಲ ತನ್ನಲ್ಲಿಗೆ ಬರುವವರು ಬೋಯಿಂಗ್ 737ರ ಟೈಪ್ ರೇಟಿಂಗನ್ನು ಹೊರಗೆಲ್ಲೋ ಮಾಡಿಕೊಂಡು ಬರಬೇಕೆಂದು ಕೇಳುತ್ತಿತ್ತು. ಅದು ಬಡವನಿಗೆ ಕಷ್ಟವೇ. ಆದರೆ ಕಂಪನಿಯ ಗಲ್ಲಾಪೆಟ್ಟಿಗೆಗೆ ಅದರಿಂದ ಡಾಲರ್ ಬೀಳುತ್ತಿರಲಿಲ್ಲ. ಸರಿಬರಲಿಲ್ಲವೆಂದರೆ ಬೇಡವೆನ್ನಲು ಬಾಯಿ ಕಟ್ಟಿರಲಿಲ್ಲ. ನನ್ನ ತಕರಾರು ಇರುವುದು ಆರಿಸುವವನೇ ಆರಿಸಿಕೊಂಡವನಿಂದ ಹಣ ತೆಗೆದುಕೊಳ್ಳುವಲ್ಲಿ. ವಿಮಾನಯಾನದಲ್ಲಿ ಕಂಪನಿಯ ತರಬೇತಿ ಎಂದರೆ ಬರೀ ಕಲಿಸುವುದಲ್ಲ, ಸೋಸುವುದು. ಸೋಸುವ ಜರಡಿಗೆ ಕಾಳೇ ಬಾಡಿಗೆ ಕೊಡುವಂತಾದರೆ ಜೊಳ್ಳು ಕೆಳಗೆ ಬೀಳುತ್ತದೆಯೇ?

ಇದರ ಮುಂದಿನ ಮೆಟ್ಟಿಲೂ ಬಂತು. ಫ್ಲಾರಿಡಾದಲ್ಲಿ ಗಲ್ಫ್‌ಸ್ಟ್ರೀಮ್ ಇಂಟರ್‌ನ್ಯಾಷನಲ್ ಎಂಬ ಕಮ್ಯೂಟರ್ ಕಂಪನಿಯಿತ್ತು; ಅದಕ್ಕೆ ಹೊಂದಿಕೊಂಡು ಒಂದು ತರಬೇತಿ ಅಕಾಡೆಮಿ. ಸುಮಾರು ಮೂವತ್ತು ಸಾವಿರ ಡಾಲರ್ ಕಟ್ಟಿದರೆ ತರಬೇತಿಯ ಜೊತೆಗೆ ಹತ್ತೊಂಬತ್ತು ಸೀಟಿನ ಬೀಚ್ 1900ರ ಬಲಬದಿಯಲ್ಲಿ 250 ಗಂಟೆ. ಖಾಲಿ ವಿಮಾನದಲ್ಲಲ್ಲ. ಹಿಂದೆ ಟಿಕೆಟ್ ಕೊಂಡು ಕೂತವರಿರುತ್ತಿದ್ದರು. ಸಂಸಾರ ಸಮೇತ ರಜೆಗೆಂದು ಬಹಾಮಾಕ್ಕೆ ಹೊರಟವನು ಟಿಕೆಟ್ಟಿಗೆ ಹಣ ಕೊಟ್ಟಿದ್ದಾನೆ. ಬಾಗಿಲು ಮುಚ್ಚಿ ಸೀಟ್‌ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳಿ ಮುಂದೆ ಹೋಗಿ ಕೂತ ಹುಡುಗನೂ ತನ್ನ ಸೀಟಿಗೆ ಹಣ ಕೊಟ್ಟಿದ್ದಾನೆ. ಆ ವಿಮಾನದಲ್ಲಿ ತನ್ನ ಸೀಟಿಗೆ ಹಣ ಕೊಡದೆ ಕೂತವನು ಎಡಬದಿಯ ಕ್ಯಾಪ್ಟನ್ ಒಬ್ಬನೇ. ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆಗ ಕೋ-ಪೈಲಟ್‌ಗೆ 250 ಗಂಟೆಗಳ ಕಮರ್ಷಿಯಲ್ ಲೈಸೆನ್ಸ್ ಸಾಕಾಗಿತ್ತು.

ನಮ್ಮ ಜಿಲ್ಲೆಯಲ್ಲಿ ವಿಮಾನ ದುರಂತದ ಮಾತೆತ್ತಿದರೆ ದನಿ ತಾನಾಗಿ ಇಳಿಯುತ್ತದೆ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ 158 ಜನ ಹೋದರು. ಈ ಸಭೆಯಲ್ಲೂ ಅವರಲ್ಲಿ ಯಾರನ್ನಾದರೂ ಬಲ್ಲವರು ಇರಬಹುದು. ಅದರ ಕಾರಣಗಳೇ ಬೇರೆ, ಅದನ್ನು ಈ ಚರ್ಚೆಗೆ ಎಳೆಯುವುದಿಲ್ಲ. ನಾನು ಹೇಳಬೇಕಾದದ್ದು ಅದಕ್ಕೆ ಹದಿನೈದು ತಿಂಗಳು ಹಿಂದಿನದು. 2009ರ ಫೆಬ್ರವರಿ 12ರ ರಾತ್ರಿ ನ್ಯೂಅರ್ಕ್‌ನಿಂದ ಬಫಲೋಗೆ ಹೊರಟ 3407ನೇ ನಂಬರಿನ ವಿಮಾನ. ಟಿಕೆಟ್ಟಿನ ಮೇಲೆ ಕಾಂಟಿನೆಂಟಲ್ ಹೆಸರು. ಹಾರಿಸುತ್ತಿದ್ದುದು ಕೋಲ್ಗನ್ ಏರ್ ಎಂಬ ಸಣ್ಣ ಕಂಪನಿ. ಇಳಿಯುವ ಮೊದಲು ವೇಗ ಕುಸಿಯುತ್ತಾ ಬಂತು. ಪೈಲಟ್‌ಗಳಿಬ್ಬರೂ ಗಮನಿಸಲಿಲ್ಲ. ಎಚ್ಚರಿಸಲೆಂದು ಕೈಯಲ್ಲಿದ್ದ ಕಂಟ್ರೋಲ್ ಕಾಲಂ ಗಡಗಡ ನಡುಗಿದಾಗ ಕ್ಯಾಪ್ಟನ್ ಅದನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದರು. ವಿಮಾನ ಕ್ಲಾರೆನ್ಸ್ ಸೆಂಟರ್ ಎಂಬ ಹಳ್ಳಿಯ ಒಂದು ಮನೆಯ ಮೇಲೆ ಬಿತ್ತು. ಒಳಗಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು.

ಆ ಕ್ಯಾಪ್ಟನ್ ಗಲ್ಫ್‌ಸ್ಟ್ರೀಮ್ ಅಕಾಡೆಮಿಯ ದಾರಿಯಿಂದ ಬಂದವರು. ಹಿಂದೆ ಕೆಲವು ಲೈಸೆನ್ಸ್ ಪರೀಕ್ಷೆಗಳಲ್ಲಿ ಮೊದಲ ಸಲ ಫೇಲಾಗಿದ್ದರು; ಎಲ್ಲವನ್ನೂ ಕೋಲ್ಗನ್‌ಗೆ ತಿಳಿಸಿರಲಿಲ್ಲ. ಅವರ ಹೆಸರು ಹೇಳುವುದಿಲ್ಲ, ತೀರಿಹೋದವರು. ಹಣ ಕೊಟ್ಟು ಸೀಟು ಪಡೆದದ್ದರಿಂದಲೇ ವಿಮಾನ ಬಿತ್ತು ಎನ್ನುವುದೂ ಅನ್ಯಾಯ. ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಹಾಗೆ ಹೇಳಿಲ್ಲ. ಆದರೆ ಆ ವಿಚಾರಣೆ ಒಂದು ವ್ಯವಹಾರದ ಒಳಮನೆಯನ್ನೇ ಬಯಲಿಗೆ ತಂದಿತು. ಕೋ-ಪೈಲಟ್ ಹುಡುಗಿ ಇದ್ದದ್ದು ದೇಶದ ಆ ತುದಿಯ ಸಿಯಾಟಲ್ ಕಡೆ, ತಂದೆತಾಯಿಯ ಮನೆಯಲ್ಲಿ. ಡ್ಯೂಟಿಗೆ ಹಾಜರಾಗಬೇಕಾದದ್ದು ಈ ತುದಿಯ ನ್ಯೂಅರ್ಕ್‌ನಲ್ಲಿ. ಹಿಂದಿನ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಜಾಗ ಬೇಡಿ ಬಂದಿದ್ದಳು. ಅವಳ ಸಂಬಳ ವರ್ಷಕ್ಕೆ ಹದಿನಾರು ಸಾವಿರ ಡಾಲರ್ ಎಂಬ ಮಾತು ವಿಚಾರಣೆಯಲ್ಲಿ ಬಂತು. ಆಮೇಲೆ ಕಂಪನಿ ಅದನ್ನು ತಿದ್ದಿ, ಇಪ್ಪತ್ಮೂರು ಸಾವಿರದ ಒಂಬೈನೂರು ಎಂದಿತು. ತಿದ್ದಿದ ಮೇಲೂ ನ್ಯೂಅರ್ಕ್‌ನಲ್ಲಿ ಬದುಕಲು ಕಷ್ಟವಾಗುವ ಸಂಬಳ.

ಒಂದು ಕಂಪನಿಯಲ್ಲಿ ಎಡವಿದವನು ಇನ್ನೊಂದಕ್ಕೆ ಹೋದಾಗ ಹಿಂದಿನ ಕಡತ ಹಿಂಬಾಲಿಸದಿರುವುದು ಹೊಸದೇನಲ್ಲ. 1994ರ ಡಿಸೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿ ಜೆಟ್‌ಸ್ಟ್ರೀಮ್ ಒಂದು ಬಿದ್ದು ಇಪ್ಪತ್ತರಲ್ಲಿ ಹದಿನೈದು ಜನ ಸತ್ತಾಗಲೂ ಇದೇ ಗೊತ್ತಾಯಿತು. 1996ರಲ್ಲಿ ಪೈಲಟ್‌ಗಳ ಹಳೆಯ ದಾಖಲೆ ತರಿಸಿಕೊಳ್ಳಬೇಕೆಂಬ ಕಾನೂನು ಬಂತು. ಅದರ ಜಾಲದ ಕಣ್ಣುಗಳು ದೊಡ್ಡವಾಗಿದ್ದವು. ಸಾಲಗಾರನ ಹಳೆಯ ಬಾಕಿ ಹೊಸ ಬ್ಯಾಂಕಿಗೆ ಕಾಣದಂತಿದ್ದ ಸಿಬಿಲ್‌ಗೆ ಮೊದಲಿನ ಕಾಲ ನನ್ನ ವಯಸ್ಸಿನ ಬ್ಯಾಂಕಿನವರಿಗೆ ನೆನಪಿದೆ. ಹಾಗೆಯೇ.

ಬಫಲೋದಲ್ಲಿ ಸತ್ತವರ ಮನೆಯವರು ಬಿಡಲಿಲ್ಲ. ವಾಷಿಂಗ್ಟನ್‌ಗೆ ಅಲೆದಲೆದು 2010ರ ಆಗಸ್ಟ್‌ನಲ್ಲಿ ಒಂದು ಕಾಯ್ದೆ ಮಾಡಿಸಿಕೊಂಡರು. ಅದರ ಫಲವಾಗಿ 2013ರಿಂದ ಕೋ-ಪೈಲಟ್‌ಗೂ 1,500 ಗಂಟೆ ಬೇಕು ಎಂದಾಯಿತು. ಸೇನಾಪಡೆಗಳಿಂದ ಬಂದವರಿಗೆ, ವಿಮಾನಯಾನದ ಪದವಿ ಪಡೆದವರಿಗೆ ಸ್ವಲ್ಪ ರಿಯಾಯಿತಿ. ವಿಚಿತ್ರವೆಂದರೆ, ಆ ರಾತ್ರಿ ವಿಮಾನದಲ್ಲಿದ್ದ ಕ್ಯಾಪ್ಟನ್‌ಗೆ 3,379 ಗಂಟೆಗಳಿದ್ದವು, ಕೋ-ಪೈಲಟ್‌ಗೆ 2,244. ಗಂಟೆಯ ಲೆಕ್ಕದಲ್ಲಿ ಹೊಸ ನಿಯಮ ಆ ರಾತ್ರಿ ಅವರಿಬ್ಬರಲ್ಲಿ ಒಬ್ಬರನ್ನೂ ತಡೆಯುತ್ತಿರಲಿಲ್ಲ! ಸರ್ಕಾರಗಳಿಗೆ ಎಣಿಸಲು ಬರುವುದೆಂದರೆ ಪ್ರೀತಿ. ಗಂಟೆ ಎಣಿಸಬಹುದು. ಆ ಗಂಟೆ ಹೇಗೆ ಬಂತು, ಯಾರು ಯಾರಿಗೆ ಕೊಟ್ಟು ಬಂತು ಎಂಬುದಕ್ಕೆ ಕಾಲಂ ಇಲ್ಲ.

ಆದರೆ ಆ ನಿಯಮ ತಾನು ನೆನಸದ ಒಂದು ಕೆಲಸ ಮಾಡಿತು. ಹುಡುಗರ ಸಾಲು ಕಿರಿದಾಯಿತು. 250 ಗಂಟೆಯವನು ಈಗ ಬಾಗಿಲಲ್ಲಿ ನಿಲ್ಲುವಂತಿಲ್ಲ. 1,500 ಗಂಟೆಯವನು ದುರ್ಲಭನಾದ. ಪೈಲಟ್‌ಗಳಿಂದ ಹಣ ಕೇಳುತ್ತಿದ್ದ ಅದೇ ಉದ್ಯಮ, ಸೇರಿದರೆ ಸಾಕು ಎಂದು ಬೋನಸ್ ಕೊಡತೊಡಗಿತು. 2022ರ ಬೇಸಿಗೆಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮೂರು ಉಪಕಂಪನಿಗಳು ಹೊಸ ಕೋ-ಪೈಲಟ್‌ನ ವೇತನವನ್ನು ಗಂಟೆಗೆ 90 ಡಾಲರಿಗೆ ಏರಿಸಿದವು. ಎಲ್ಲಿಂದ ಬಂತು ಈ ಹಣ? ಹತ್ತು ಸಾವಿರ ಡಾಲರಿನ ತರಬೇತಿ ಕೊಟ್ಟರೆ ಮುಳುಗುತ್ತೇವೆ ಎಂದಿದ್ದ ಉದ್ಯಮವೇ ಇದು. ಹಣ ಮೊದಲೂ ಇತ್ತು. ಟಿಕೆಟ್ ಮಾರುವ ದೊಡ್ಡ ಕಂಪನಿಯ ಬಳಿ ಇತ್ತು. ಸಣ್ಣ ಕಂಪನಿಯ ಗುತ್ತಿಗೆಯನ್ನು ಹಿಂಡಿ ಹಿಂಡಿ ಕೊನೆಯ ಹನಿಯನ್ನು ಹುಡುಗನ ಜೇಬಿನಿಂದ ತೆಗೆಯುತ್ತಿದ್ದರು, ಅಷ್ಟೆ.

ಎಲ್ಲರೂ ಉಳಿದರು ಎಂದಲ್ಲ. ವ್ಯೋಮಿಂಗ್‌ನ ಗ್ರೇಟ್ ಲೇಕ್ಸ್ ಏರ್‌ಲೈನ್ಸ್ ಸಣ್ಣ ಸಣ್ಣ ಊರುಗಳಿಗೆ ಬೀಚ್ 1900 ಹಾರಿಸುತ್ತಿತ್ತು. 1,500 ಗಂಟೆಯವರು ಸಿಗಲಿಲ್ಲ. ಒಂಬತ್ತು ಸೀಟಿನ ವಿಮಾನಕ್ಕೆ ಆ ನಿಯಮ ಅನ್ವಯಿಸದು ಎಂದು ಕಂಡುಕೊಂಡು, ಹತ್ತೊಂಬತ್ತರಲ್ಲಿ ಹತ್ತು ಸೀಟುಗಳನ್ನು ಕಿತ್ತು ಹೊರಗಿಟ್ಟು ಕೆಲವು ಕಾಲ ಹಾರಿಸಿದರು. 2018ರಲ್ಲಿ ಹಾರಾಟ ನಿಲ್ಲಿಸಿದರು. ಆ ಊರುಗಳವರನ್ನು ಕೇಳಿದರೆ ಹುಡುಗರೇ ಹಣ ಕೊಟ್ಟು ಬರುತ್ತಿದ್ದ ಕಾಲ ಒಳ್ಳೆಯದಿತ್ತು ಎನ್ನಬಹುದು. ಅವರ ಮಾತಿಗೆ ನನ್ನಲ್ಲಿ ಚೊಕ್ಕ ಉತ್ತರವಿಲ್ಲ. ಅಗ್ಗದ ವಿಮಾನವೂ ಬೇಕು, ಹತ್ತಿರದ ನಿಲ್ದಾಣವೂ ಬೇಕು ಎಂದಾಗ ಯಾರೋ ಒಬ್ಬರು ವ್ಯತ್ಯಾಸದ ಹಣ ತುಂಬಬೇಕು. ಅಲ್ಲಿ ಸರ್ಕಾರ ಸಣ್ಣ ಊರುಗಳಿಗೆ ಸಹಾಯಧನ ಕೊಡುತ್ತದೆ, ಇಲ್ಲಿ 'ಉಡಾನ್' ಎಂದು ನಾವು ಕೊಡುತ್ತಿದ್ದೇವೆ. ಕಾಣುವ ಖಾತೆಯಿಂದ ಕೊಡುವುದು ಒಳ್ಳೆಯದು ಎಂದಷ್ಟೇ ನನ್ನ ಅಭಿಪ್ರಾಯ. ಇಪ್ಪತ್ತೆರಡರ ಹುಡುಗನ ಮನೆಯ ಪತ್ರ ಕಾಣದ ಖಾತೆ.

ಇನ್ನು ನಮ್ಮಲ್ಲಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಎಟಿಆರ್ ಹಾರಿಸಿದಾಗ ಸಣ್ಣ ಊರಿನ ವಿಮಾನ ಎಂಬ ಕಲ್ಪನೆ ನಮಗೂ ಹತ್ತಿರವಾಯಿತು. ಇಂದು ಕಲಬುರಗಿಯಲ್ಲಿ, ಶಿವಮೊಗ್ಗದಲ್ಲಿ ನಿಲ್ದಾಣಗಳಿವೆ. ಪೈಲಟ್ ಆಗಬೇಕೆನ್ನುವ ಮಕ್ಕಳು ಪುತ್ತೂರಿನಲ್ಲೂ ಇದ್ದಾರೆ, ರಾಯಚೂರಿನಲ್ಲೂ ಇದ್ದಾರೆ. ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅದರ ಖರ್ಚು ಮನೆಯದು. ಅದರ ಮೇಲೆ ಟೈಪ್ ರೇಟಿಂಗ್. ಅದೂ ಬಹಳ ಸಲ ಮನೆಯದೇ. ಎರಡನ್ನೂ ಸೇರಿಸಿ 'ಕೆಡೆಟ್' ಯೋಜನೆ ಎಂದು ಮಾಡಿದಾಗ ಮೊತ್ತ ಕೋಟಿ ಮುಟ್ಟುತ್ತದೆ. ಕಾಲೇಜುಗಳ ಕ್ಯಾಪಿಟೇಶನ್‌ಗೆ ಹೆಸರಾದ ರಾಜ್ಯ ನಮ್ಮದು. 1984ರಲ್ಲಿ ಅದನ್ನು ನಿಷೇಧಿಸಿ ಕಾಯ್ದೆ ಮಾಡಿದ್ದೂ ನಾವೇ, 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದೂ ನಾವೇ. ಕಾಲೇಜಿನ ಸೀಟಿಗೆ ಹಣ ತೆಗೆದುಕೊಳ್ಳುವುದು ತಪ್ಪು ಎಂದು ಅಷ್ಟೆಲ್ಲ ಜಗಳವಾಡಿದ ನಮಗೆ ಕೆಲಸದ ಸೀಟಿಗೆ ಕೊಡುವುದು ಸಹಜವೆನಿಸಿಬಿಟ್ಟಿದೆ.

ನನ್ನನ್ನು ಕೇಳಿದರೆ: ಲೈಸೆನ್ಸಿನವರೆಗಿನ ಓದು ಓದುವವನದು, ಅದಕ್ಕೆ ಸಾಲವೋ ವಿದ್ಯಾರ್ಥಿವೇತನವೋ ಸಮಾಜ ನೋಡಿಕೊಳ್ಳಲಿ. ಕಂಪನಿಯ ವಿಮಾನ ಕಲಿಯುವ ಖರ್ಚು ಕಂಪನಿಯದು. ಬಿಟ್ಟುಹೋಗುವ ಭಯವಿದ್ದರೆ ಬಾಂಡ್ ಬರೆಸಿಕೊಳ್ಳಲಿ, ತಿಂಗಳು ತಿಂಗಳು ಇಳಿಯುವ ಮೊತ್ತದ ಬಾಂಡ್, ಗೃಹಸಾಲದ ಬಾಕಿಯಂತೆ. ಸರಿಬರದವನನ್ನು ಕಂಪನಿಯೇ ಕಳಿಸಿದರೆ ಬಾಂಡ್ ಹರಿದುಹಾಕಲಿ. ಇದರಲ್ಲಿ ಹೊಸದೇನೂ ಇಲ್ಲ. 1976ರಲ್ಲಿ ಮಂಗಳೂರಿನ ಒಂದು ಬ್ಯಾಂಕಿಗೆ ಗೊತ್ತಿದ್ದದ್ದೇ.

ಸಮಯವಾಗುತ್ತಿದೆ. ಪುತ್ತೂರಿನ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಸಾಲ ತೀರಿತು; ತೋಟದ ಪತ್ರವನ್ನು ಅವನ ತಂದೆಯ ಕೈಗೆ ಕೊಟ್ಟೆವು. ಹುಡುಗ ಈಗ ಕ್ಯಾಪ್ಟನ್. ಕೆಲವು ವರ್ಷಗಳಿಂದ ಸಿಮ್ಯುಲೇಟರಿನಲ್ಲಿ ಪಾಠವನ್ನೂ ಹೇಳುತ್ತಾನೆ. ಕಳೆದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತ. ತಾನು ಹೊಸಬನಾಗಿದ್ದಾಗ ಮೊದಲ ದಿನ ಕಲಿಸಲು ಬಂದವರು ಹೆಸರು ಕೇಳುವ ಮೊದಲೇ "ನಿನ್ನದು ಸ್ವಂತ ದುಡ್ಡೋ, ಕಂಪನಿಯದೋ?" ಎಂದು ಕೇಳಿದ್ದನ್ನು ನಗುತ್ತಾ ಹೇಳಿದ. ಆಮೇಲೆ ನಗು ನಿಲ್ಲಿಸಿ, ಹೋದ ತಿಂಗಳು ಒಬ್ಬ ಹುಡುಗನ ವಿಷಯದಲ್ಲಿ ವರದಿ ಬರೆಯಬೇಕಾಯಿತು ಎಂದ. ಪರೀಕ್ಷೆಗೆ ಕಳಿಸಲು ಯೋಗ್ಯನಲ್ಲ ಎಂಬ ವರದಿ. ಹುಡುಗನ ಖರ್ಚು ಮನೆಯದು. ಶಿರಸಿ ಕಡೆಯವನು, ಅಲ್ಲಿಯೂ ತೋಟ ಅಡವಿಟ್ಟಿದ್ದಾರೆ.

"ಬರೆದೆಯಾ?" ಎಂದು ಕೇಳಿದೆ.

"ಬರೆದೆ ಸಾರ್" ಎಂದ. ಎಲೆಯ ಮೇಲಿನ ಅನ್ನವನ್ನು ಸ್ವಲ್ಪ ಹೊತ್ತು ಕಲಸಿದ. "ಎರಡು ದಿನ ತಡಮಾಡಿ ಬರೆದೆ."